ಕಫ್ಫಿಗೆ ಬಂದ ಸಿಂಗಟಗೆರೆ

ಅಂಗಿಯ ಕಫ್ಫಿನ ಮೇಲೆ ಹೆಸರಿನ ಮೊದಲಕ್ಷರಗಳನ್ನು ಹೊಲಿಸಿಕೊಳ್ಳುವ ಶೋಕಿ ಬೆಂಗಳೂರಿನ ಗಾಜಿನ ಕಟ್ಟಡಗಳಿಗೆ ಹಳೆಯದು. ಅದೀಗ ರೈಲಿನಲ್ಲಿ ಕಡೂರಿಗೆ ಬಂದು, ಅಲ್ಲಿ ಬಸ್ಸು ಹತ್ತಿ, ಸಿಂಗಟಗೆರೆಯಲ್ಲೂ ಇಳಿದಿದೆ. ತಂದವನು ನನ್ನ ತಂಗಿಯ ಮಗ. ಕಂಪನಿಯವರು ಅವನ ಮ್ಯಾನೇಜರ್ ಪದವಿಯ ಮುಂದೆ ‘ಸೀನಿಯರ್’ ಎಂದು ಸೇರಿಸಿದ ಸಂತೋಷಕ್ಕೆ ಅರ್ಧ ಡಜನ್ ಅಂಗಿ ಹೊಲಿಸಿಕೊಂಡಿದ್ದ. ಎಲ್ಲದರ ಎಡಗೈ ಕಫ್ಫಿನಲ್ಲೂ ಇಂಗ್ಲಿಷಿನ ಎಸ್, ಎನ್, ಕೆ. ನೀಲಿ ಅಂಗಿಗೆ ನೀಲಿಯದೇ ದಾರ. ಕಂಡೂ ಕಾಣದ ಹಾಗಿರಬೇಕಂತೆ. ಆದರೆ ಕಾಣದೆ ಹೋದರೆ ಕೊಟ್ಟ ದುಡ್ಡು ದಂಡವಂತೆ.

ಮೊದಲು ಕಂಡವಳು ಅವರಮ್ಮ. “ಪೀಜೀಲಿ ಬಟ್ಟೆ ಅದಲುಬದಲು ಆಗ್ತವೆ ಅಂತ ಬರ್ಸಿದೀಯೇನಪ್ಪ?” ಅಂದಳು.

“ಪೀಜಿ ಬಿಟ್ಟು ಎಷ್ಟು ವರ್ಷ ಆಯ್ತಮ್ಮ! ಇದು ಮೊನೊಗ್ರಾಂ. ನಮ್ಮ ಲೆವೆಲ್ಲಲ್ಲಿ ಎಲ್ಲಾರೂ ಹಾಕ್ಸೋದೇ.”

“ಒಗೆಯೋರಿಗೆ ಗುರ್ತು ಸಿಗ್ಲಿ ಅಂತಾದ್ರೆ ಕಾಲರ್ ಒಳಗಡೆ ಹಾಕ್ಸಬೇಕಿತ್ತು ಕಣೋ. ಹೊರಗಡೆ ಯಾಕೆ?”

ಹುಡುಗ ನನ್ನ ಕಡೆ ತಿರುಗಿ, “ಮಾವ, ನೀವಾದ್ರೂ ಹೇಳಿ ಅಮ್ಮಂಗೆ” ಅಂದ. ನಾನು ಏನೂ ಹೇಳಲಿಲ್ಲ. ಹೇಳಿದ್ದರೆ ತಂಗಿಯ ಪರವಾಗಿಯೇ ಹೇಳಬೇಕಾಗುತ್ತಿತ್ತು. ಮಗನ ಲೆವೆಲ್ಲಿನ ಚರಿತ್ರೆಯನ್ನು ಅವಳು ಓದದೆಯೇ ತಿಳಿದುಕೊಂಡುಬಿಟ್ಟಿದ್ದಳು.

ಬಟ್ಟೆಯ ಮೇಲೆ ಅಕ್ಷರ ಬಂದದ್ದೇ ಒಗೆಯಲು ಹೋದದ್ದು ಮರಳಿ ಬರಲಿ ಎಂದು. ಯುರೋಪಿನ ಸಿರಿವಂತರ ಮನೆಗಳಲ್ಲಿ ಹಾಸು, ಹೊದಿಕೆ, ಒಳಂಗಿಗಳ ಮೂಲೆಯಲ್ಲಿ ಕೆಂಪು ದಾರದಿಂದ ಪುಟ್ಟ ಗುಣಕ ಚಿಹ್ನೆಗಳಂಥ ಹೊಲಿಗೆಯಲ್ಲಿ ಅಕ್ಷರ ಹಾಕುತ್ತಿದ್ದರು, ಪಕ್ಕದಲ್ಲಿ ಎಷ್ಟನೆಯದು ಎಂದು ಅಂಕಿ ಬೇರೆ. ರಾಶಿ ರಾಶಿ ಬಟ್ಟೆ ಒಟ್ಟಿಗೆ ಒಗೆತಕ್ಕೆ ಹೋಗುವಾಗ ಯಾರದು ಯಾರಿಗೆ ಎಂಬ ಲೆಕ್ಕಕ್ಕೆ ಅದು ಬೇಕಿತ್ತು. ಹಾಗೆ ಗುರುತು ಹಾಕಬೇಕಾಗುವಷ್ಟು ಬಟ್ಟೆ ಇರುವುದೇ ದೊಡ್ಡಸ್ತಿಕೆಯಾದ್ದರಿಂದ ಗುರುತೂ ದೊಡ್ಡಸ್ತಿಕೆಯಾಯಿತು. ಮೂಲೆಯಿಂದ ಎದೆಗೆ ಬಂತು, ಎದೆಯಿಂದ ಕಫ್ಫಿಗೆ.

ನಮ್ಮ ಕಡೆ ಅದೇ ಕೆಲಸವನ್ನು ಕರಿಗೇರು ಮಾಡುತ್ತಿತ್ತು. ಅದರ ಕಾಯಿಯ ರಸದಲ್ಲಿ ಬಟ್ಟೆಗೆ ಗುರುತು ಹಾಕಿ ಮೇಲೆ ಸುಣ್ಣ ತಾಗಿಸಿದರೆ ಕಪ್ಪು ಕಚ್ಚಿಕೊಳ್ಳುತ್ತದೆ. ಆಮೇಲೆ ಉಬ್ಬೆಗೆ ಹಾಕಿ, ಬಂಡೆಗೆ ಬಡಿಯಿರಿ, ಬಟ್ಟೆ ಹರಿದೀತು, ಗುರುತು ಹೋಗದು. ಒಂದು ಮನೆಗೆ ಎರಡು ಚುಕ್ಕಿ, ಒಂದು ಮನೆಗೆ ಗೆರೆ ಮೇಲೆ ಚುಕ್ಕಿ, ಇನ್ನೊಂದಕ್ಕೆ ಅಡ್ಡ ಗೆರೆ. ಓದಲು ಬಾರದವರು ರೂಢಿಸಿದ ಈ ಲಿಪಿಯನ್ನು ಓದು ಬಂದವರು ಓದಲಾರರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಡಿಯಾಕ್ಕೆ ಬಂದ ಪರದೇಶದ ಸಿಪಾಯಿಗಳಿಗೆ ಕತ್ತಿನ ಹಿಂದೆ, ಸೊಂಟದ ಸುತ್ತ ಒಂದು ಬಗೆಯ ತುರಿಗಜ್ಜಿ ಎದ್ದು ವೈದ್ಯರು ತಲೆ ಕೆಡಿಸಿಕೊಂಡರು. ಹುಡುಕಿ ನೋಡಿದರೆ ಅಂಗಿಯ ಕಾಲರಿಗೆ, ಚಡ್ಡಿಯ ಪಟ್ಟಿಗೆ ಅಗಸರು ಹಾಕಿದ್ದ ಕರಿಗೇರಿನ ಗುರುತು! ದೋಬಿ ಗುರುತಿನ ಚರ್ಮರೋಗ ಎಂದೇ ಅದು ವೈದ್ಯಕೀಯದ ಪುಸ್ತಕ ಸೇರಿತು. ಹೆಸರು ಅಂಗಿಯ ಮೇಲಿದ್ದರೆ ಮೈ ತುರಿಸುತ್ತದೆ ಎಂಬುದಕ್ಕೆ ಇಷ್ಟು ಹಳೆಯ ಪುರಾವೆ ಇದೆ.

ಇನ್ನು ಹೊಲಿಸುವ ವಿಚಾರ. ನಮ್ಮ ಹುಡುಗ ಆ ಅಂಗಿಗಳಿಗೆ ಕೊಟ್ಟ ದುಡ್ಡು ಕೇಳಿ ಅವರಪ್ಪ ಎದ್ದು ತೋಟಕ್ಕೆ ಹೋದರು. ಕೊಬ್ಬರಿಯ ಲೆಕ್ಕದಲ್ಲೇ ಲೋಕವನ್ನು ಅಳೆಯುವ ಮನುಷ್ಯ ಅವರು. ಒಂದಂಗಿಗೆ ಎಷ್ಟು ಕಾಯಿ ಎಂದು ಮನಸ್ಸಿನಲ್ಲೇ ಭಾಗಿಸಿಕೊಂಡಿರಬೇಕು. “ರೆಡಿಮೇಡ್ ಅಲ್ಲ ಮಾವ, ನನ್ನ ಮೈಗೇ ಅಳತೆ ತಗೊಂಡು ಮಾಡಿದ್ದು. ಬಟನ್ನಿಂದ ಕಾಲರ್‌ವರೆಗೆ ನಾನೇ ಸೆಲೆಕ್ಟ್ ಮಾಡ್ದೆ. ನನ್ನದು ಅಂತಲೇ ಇರೋದು ಒಂದೇ ಪೀಸು” ಅಂದ ಹುಡುಗ. ನನಗೆ ನಗು ಬಂತು. ಸಿಂಗಟಗೆರೆಯಲ್ಲಿ ನಾವು ಹುಡುಗರಾಗಿದ್ದಾಗ ಹಾಕಿದ ಬಟ್ಟೆಯೆಲ್ಲ ಅದೇ! ಮೈಗೆ ಅಳತೆ ತೆಗೆಯದೆ ಅಂಗಿ ತೊಟ್ಟವರೇ ಊರಲ್ಲಿ ಇರಲಿಲ್ಲ. ಕೂಲಿಯವನ ಚಡ್ಡಿಯಿಂದ ಹಿಡಿದು ಶಾನುಭೋಗರ ಕೋಟಿನವರೆಗೆ ಒಬ್ಬೊಬ್ಬರಿಗೂ ಒಂದೊಂದೇ ಪೀಸು. ರೆಡಿಮೇಡ್ ಎಂಬುದು ಕಡೂರಿನ ಅಂಗಡಿಯ ಗಾಜಿನ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಗುಂಡುಸೂಜಿ ಚುಚ್ಚಿಕೊಂಡು ಕೂತಿರುತ್ತಿದ್ದ ಪದಾರ್ಥ. ಅದನ್ನು ತೊಟ್ಟವನೇ ಶ್ರೀಮಂತ. ಈಗ ತಿರುಗುಮುರುಗಾಗಿದೆ.

ಆದರೆ ಅಳತೆ ಕೊಡುವುದರಲ್ಲೂ ಅಂತರವಿತ್ತು. ಬೆಂಗಳೂರಿನಲ್ಲಿ ಅಳತೆ ತೆಗೆಯುವವನು “ಸರ್, ನಿಮಗೆ ಎಷ್ಟು ಬಿಗಿ ಇರಬೇಕು?” ಎಂದು ಕೇಳುತ್ತಾನಂತೆ. ನಮ್ಮ ದರ್ಜಿ ನಮ್ಮನ್ನು ಏನೂ ಕೇಳುತ್ತಿರಲಿಲ್ಲ. ಮಾತೆಲ್ಲ ಅಪ್ಪನ ಜೊತೆ. “ಬೆಳೆಯೋ ಹುಡುಗ, ಒಂದೆರಡು ಇಂಚು ಬಿಟ್ಟು ಹೊಲಿ” ಎಂದು ಅಪ್ಪ ಅಂದರೆ ಅವನು ಇನ್ನೊಂದು ಇಂಚು ಧರ್ಮಕ್ಕೆ ಸೇರಿಸುವನು. ಟೇಪು ಕೊರಳಿಗೆ, ಸೀಮೆಸುಣ್ಣ ಕಿವಿಗೆ, ಬಾಯಲ್ಲಿ ಎಲೆಯಡಿಕೆ. ಅಂಕಿಗಳನ್ನು ಬರೆದುಕೊಂಡ ಪುಸ್ತಕದ ಹಾಳೆಗೆ ಬಟ್ಟೆಯ ಒಂದು ಚೂರನ್ನು ಗುಂಡುಸೂಜಿಯಿಂದ ಸಿಕ್ಕಿಸಿಡುತ್ತಿದ್ದ. ಆ ಪುಸ್ತಕ ತೆರೆದರೆ ಊರಿನವರ ಎದೆ, ಸೊಂಟ, ತೋಳುಗಳೆಲ್ಲ ಪಟ್ಟಾಗಿ ಸಿಗುತ್ತಿದ್ದವು. ಯಾರು ಊದಿದರು, ಯಾರು ಸೊರಗಿದರು ಎಂಬುದು ಆಸ್ಪತ್ರೆಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಕಲ್ಲೇಶ್ವರ ಸ್ವಾಮಿಯ ಜಾತ್ರೆಗೆ, ದೀಪಾವಳಿಗೆ ಬಟ್ಟೆ ಎಂದರೆ ಅಣ್ಣತಮ್ಮಂದಿರಿಗೆಲ್ಲ ಒಂದೇ ತಾನಿನಲ್ಲಿ. ಐದಾರು ಮಕ್ಕಳು ಸಾಲಾಗಿ ನಿಂತರೆ ಬ್ಯಾಂಡ್‌ಸೆಟ್ಟಿನವರು ಬಂದಂತೆ ಕಾಣುತ್ತಿತ್ತು. ಮೊನೊಗ್ರಾಂ ಬೇಕಾಗಿರಲಿಲ್ಲ. ಆ ಗೀಟು ಕಂಡರೆ ಸಾಕು, ಇವು ಯಾರ ಮನೆಯ ಮಕ್ಕಳು ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಪಂಪ್‌ಸೆಟ್ಟಿನ ಹತ್ತಿರ ಮಾಡಿದ ಕಿತಾಪತಿ ಮನೆಗೆ ಮುಟ್ಟುತ್ತಿದ್ದುದೂ ಆ ಗೀಟಿನಿಂದಲೇ.

ಹೆಸರಿಲ್ಲದೆ ಗುರುತು ಸಿಗುವುದು ನಮ್ಮ ಸೀಮೆಯಲ್ಲಿ ಹೊಸದಲ್ಲ. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರಕ್ಕೆ ಹೋಗಿ ನೋಡಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡು, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂದಾದ ಅರಮನೆಯ ದನಗಳ ವಂಶ ಅದು. ಹಿಂದಕ್ಕೆ ಬಾಗಿ ಮೇಲಕ್ಕೆ ಚಾಚಿದ ಆ ಕೊಂಬು ಕಂಡ ಮೇಲೆ ಯಾವ ಅರಮನೆ ಎಂದು ಕೇಳುವವರಿಲ್ಲ. ಇಂದು ಸರ್ಕಾರ ದೇಶದ ದನಗಳಿಗೆಲ್ಲ ಕಿವಿಗೆ ಹಳದಿ ಬಿಲ್ಲೆ ಚುಚ್ಚಿಸುತ್ತಿದೆ. ಅದರಲ್ಲಿ 12 ಅಂಕಿಗಳು, ನಮ್ಮ ಆಧಾರಿನಲ್ಲಿರುವಷ್ಟೇ. ನಮ್ಮ ಭಾವನ ಕೊಟ್ಟಿಗೆಯಲ್ಲಿ ಕಿವಿಯಾಡಿಸುತ್ತ ನಿಂತ ಹಸುವನ್ನೂ, ಕೊರಳಲ್ಲಿ ಕಂಪನಿಯ ಕಾರ್ಡು ತೂಗಿಸಿಕೊಂಡು ಜಗಲಿಯಲ್ಲಿ ನಿಂತ ಮಗನನ್ನೂ ಒಟ್ಟಿಗೆ ನೋಡಿದವನು ನಾನು. ಏನೂ ಹೇಳಬಾರದು.

ಆ ಕೊರಳ ಕಾರ್ಡಿನ ಮಹಿಮೆ ಸಾಮಾನ್ಯವಲ್ಲ. ಆಫೀಸಿನ ಬಾಗಿಲು ತೆರೆಯಲು ಕೊಟ್ಟದ್ದು ದರ್ಶಿನಿಯಲ್ಲಿ ಇಡ್ಲಿ ತಿನ್ನುವಾಗ, ಮೆಟ್ರೋದಲ್ಲಿ ನಿಂತಾಗ, ಮಾವನ ಮನೆಗೆ ಹೆಣ್ಣು ನೋಡಲು ಹೋದಾಗಲೂ ಕೊರಳಲ್ಲೇ ಇರುತ್ತದೆ. ದಾರದ ಬಣ್ಣಕ್ಕೂ ಅರ್ಥವಿದೆ. ಎಷ್ಟೋ ಕಂಪನಿಗಳಲ್ಲಿ ಕಾಯಂ ನೌಕರನದು ಒಂದು ಬಣ್ಣ, ಗುತ್ತಿಗೆಯವನದು ಇನ್ನೊಂದು. ಗೂಗಲ್‌ನಂಥ ಗೂಗಲ್‌ನಲ್ಲೂ ಗುತ್ತಿಗೆಯವರಿಗೆ ಕೆಂಪು ಬ್ಯಾಡ್ಜು. ಅಣ್ಣತಮ್ಮಂದಿರ ಹಾಗೆ ಒಂದೇ ಮೇಜಿನಲ್ಲಿ ಊಟ ಮಾಡುವವರು ದಾರ ನೋಡಿ ಮಾತಿನ ಅಳತೆ ಬದಲಿಸುತ್ತಾರೆ. ಊರಲ್ಲಿ ಜನಿವಾರ, ಶಿವದಾರ, ಉಡಿದಾರ ಎಂದು ದಾರಗಳ ಲೆಕ್ಕ ನೋಡಿ ಬೇಸತ್ತು ಪಟ್ಟಣ ಸೇರಿದವರಿಗೂ ಒಂದು ದಾರ ಕಾದಿತ್ತು.

ಹಿಂದೆ ಹೆಸರಿನ ಫಲಕ ಹಾಕಿಕೊಳ್ಳುತ್ತಿದ್ದವರು ಯಾರು? ಮೈಸೂರು ಸಂಸ್ಥಾನದ ಕಚೇರಿಗಳಲ್ಲಿ ಜವಾನನ ಎದೆಯ ಮೇಲೆ ಅಡ್ಡಪಟ್ಟಿ, ಪಟ್ಟಿಯ ಮೇಲೆ ಹಿತ್ತಾಳೆಯ ಬಿಲ್ಲೆ, ಬಿಲ್ಲೆಯ ಮೇಲೆ ಕಚೇರಿಯ ಹೆಸರು. ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ಅದು ಹೊಳೆಯುತ್ತಿತ್ತು. ಜಿಲ್ಲಾಧಿಕಾರಿಯ ಕೋಣೆಯ ಮುಂದೆ, ನ್ಯಾಯಾಧೀಶರ ಮುಂದೆ ಬಿಳಿ ಉಡುಪು, ಕೆಂಪು ಪಟ್ಟಿ, ತಲೆಗೆ ರುಮಾಲು ಧರಿಸಿ ನಿಲ್ಲುವ ದಫೇದಾರರನ್ನು ಇವತ್ತಿಗೂ ನೋಡಬಹುದು. ಒಳಗೆ ಕೂತವರಿಗಿಂತ ಹೊರಗೆ ನಿಂತವರೇ ಅಧಿಕಾರಿಯಂತೆ ಕಂಡು ಹಳ್ಳಿಯವರು ಮೊದಲು ಅವರಿಗೇ ಕೈ ಮುಗಿಯುವುದುಂಟು. ಅಮಲ್ದಾರರಿಗೆ ಬಿಲ್ಲೆ ಇರಲಿಲ್ಲ. ಅವರದು ಉದ್ದ ಕೋಟು, ಸರಿಗೆ ಪೇಟ. ಅರಮನೆಯ ದರ್ಬಾರಿಗೆ ಹೋಗುವವರಿಗಂತೂ ಕಪ್ಪು ಕೋಟು, ಬಿಳಿ ಷರಾಯಿ, ಜರತಾರಿ ಪೇಟ ಎಂಬ ಕಟ್ಟಳೆಯೇ ಇತ್ತು. ವಿಶ್ವೇಶ್ವರಯ್ಯನವರ ಯಾವ ಚಿತ್ರ ನೋಡಿ, ಸೂಟಿನ ಮೇಲೊಂದು ಸುಕ್ಕಿಲ್ಲ, ಪೇಟದಲ್ಲೊಂದು ಮಡಿಕೆ ತಪ್ಪಿಲ್ಲ, ಹೆಸರೂ ಎಲ್ಲಿಯೂ ಇಲ್ಲ. ಅಂದಿನ ನಿಯಮ ಸರಳ. ಕೆಳಗಿನವನಿಗೆ ಹೆಸರು ಬರೆದು ತೂಗುಹಾಕಬೇಕು, ಮೇಲಿನವನನ್ನು ನೋಡಿ ತಿಳಿದುಕೊಳ್ಳಬೇಕು. ಪೊಲೀಸರ ಎದೆಯ ಪಟ್ಟಿ, ಬಸ್ಸಿನ ಕಂಡಕ್ಟರನ ಬ್ಯಾಡ್ಜು, ಆಸ್ಪತ್ರೆಯ ನರ್ಸಮ್ಮನ ಹೆಸರು ಎಲ್ಲ ಆ ನಿಯಮದವೇ. ದೂರು ಕೊಡುವವರಿಗೆ ಅನುಕೂಲವಾಗಲಿ ಎಂದು ಮಾಡಿದ ಏರ್ಪಾಡು ಅದು. ಈಗ ಕಂಪನಿಯ ಮುಖ್ಯಸ್ಥನೂ ಬಿಲ್ಲೆ ಹಾಕಿಕೊಳ್ಳುತ್ತಾನೆ. ಇದನ್ನು ಸಮಾನತೆ ಎನ್ನಬಹುದಿತ್ತು, ಅವನ ಕೆಳಗಿನವನು ಕಫ್ಫಿನ ಮೇಲೆ ಇನ್ನೊಂದು ಬಿಲ್ಲೆ ಹೊಲಿಸಿಕೊಳ್ಳದೆ ಇದ್ದಿದ್ದರೆ.

ಸ್ವಾತಂತ್ರ್ಯ ಬಂದು ಪೇಟ ಹೋದ ಮೇಲೆ ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಸಫಾರಿ ಯುಗ ಬಂತು. ಇಂಜಿನಿಯರು, ಬ್ಯಾಂಕ್ ಮ್ಯಾನೇಜರು, ಬೀಡಿಓ ಎಲ್ಲರೂ ಬೂದು, ಇಟ್ಟಿಗೆ, ಕಂದು ಬಣ್ಣದ ಸಫಾರಿಗಳಲ್ಲಿ ಜೀಪಿನಿಂದ ಇಳಿಯುತ್ತಿದ್ದರು. ಜೇಬಿನಲ್ಲಿ ಎರಡು ಪೆನ್ನು. ನೀಲಿಯದು ಬರೆಯಲು, ಹಸಿರಿನದು ಗೆಜೆಟೆಡ್ ರುಜುವಿಗೆ. ಹಸಿರು ಶಾಯಿಯ ಒಂದು ಗೀಚಿಗಾಗಿ ಅಂಕಪಟ್ಟಿಯ ನಕಲು ಹಿಡಿದು ಬಿಸಿಲಲ್ಲಿ ಕಾದವರು ನಾವು. ಆ ಬಣ್ಣಕ್ಕೆ ಇದ್ದ ಬೆಲೆ ಇಂದಿನ ಯಾವ ಫಾರಿನ್ ಪೆನ್ನಿಗೂ ಇಲ್ಲ. ಕೈಯಲ್ಲಿ ಬೆಂಗಳೂರಿನ ಎಚ್‌ಎಂಟಿ. 1961ರಲ್ಲಿ ಶುರುವಾದ ಆ ಕಾರ್ಖಾನೆಯ ಗಡಿಯಾರ ಕಟ್ಟದ ಮದುಮಗ ನಮ್ಮ ಕಡೆ ಹಸೆಮಣೆ ಏರುತ್ತಿರಲಿಲ್ಲ. ಕಾಂಚನ್ ಮಾಡೆಲ್ಲೇ ಬೇಕು ಎಂದು ಬೀಗರು ಹಟ ಹಿಡಿದು ಮಾತುಕತೆ ಮುರಿದದ್ದೂ ಉಂಟು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ಗಡಿಯಾರದ ಕಂಪನಿಯನ್ನೇ ಮುಚ್ಚಲು ಒಪ್ಪಿತು. ಕೈಗಡಿಯಾರ ಕಟ್ಟುವ ಜಾಗದಲ್ಲೇ ಈಗ ನಮ್ಮ ಹುಡುಗ ಅಕ್ಷರ ಹೊಲಿಸಿಕೊಂಡಿದ್ದಾನೆ.

ಸರ್ಕಾರಿ ಅಂತಸ್ತಿನ ಗುರುತುಗಳಲ್ಲೆಲ್ಲ ನನಗೆ ಅತಿ ಸೋಜಿಗವೆನಿಸುವುದು ಕುರ್ಚಿಯ ಬೆನ್ನಿಗೆ ಹೊದಿಸುವ ಬಿಳಿ ಟರ್ಕಿ ಟವೆಲ್ಲು. ಅದನ್ನು ಮೊದಲು ಯಾರು ಹಾಕಿದರೋ! ತಲೆಗೆ ಎಣ್ಣೆ ಹಚ್ಚುವ ಕಾಲದಲ್ಲಿ ಕುರ್ಚಿ ಕೆಡಬಾರದೆಂದು ಬಂದಿರಬಹುದು, ಬೆವರಿಗೆಂದು ಬಂದಿರಬಹುದು. ಈಗ ಕೋಣೆಗೆ ಏಸಿ ಬಂದಿದೆ, ತಲೆಯಲ್ಲಿ ಎಣ್ಣೆಯೂ ಇಲ್ಲ, ಕೆಲವರಿಗೆ ಕೂದಲೂ ಇಲ್ಲ. ಟವೆಲ್ ಮಾತ್ರ ಕದಲಿಲ್ಲ. ವಿಷಯ ನಿರ್ವಾಹಕನ ಕುರ್ಚಿಗೆ ಟವೆಲ್ ಇಲ್ಲ, ಶಿರಸ್ತೇದಾರರದಕ್ಕೆ ಇದ್ದರೂ ಇರಬಹುದು, ತಹಶೀಲ್ದಾರರದಕ್ಕೆ ಇರಲೇಬೇಕು. ವರ್ಗವಾಗಿ ಬಂದ ಅಧಿಕಾರಿ ಚಾರ್ಜು ವಹಿಸಿಕೊಳ್ಳುವ ಮೊದಲು ಜವಾನ ಹೊಸ ಟವೆಲ್ ಹಾಸಿ ಕೊಡವಿ ನಿಲ್ಲುತ್ತಾನೆ. ಪಟ್ಟಾಭಿಷೇಕ ಅಷ್ಟಕ್ಕೇ ಮುಗಿಯಿತು.

ಅದೇ ಟವೆಲ್ ನಮ್ಮ ರೈತನ ಹೆಗಲ ಮೇಲಿದ್ದಾಗ ಅದರ ಕತೆಯೇ ಬೇರೆ. ಬೆವರು ಒರೆಸಲು, ಹೊರೆಗೆ ಸಿಂಬೆ ಮಾಡಲು, ಸಂತೆಯಲ್ಲಿ ಕಾಯಿಪಲ್ಯ ಗಂಟು ಕಟ್ಟಲು, ಬಸ್ಸಿನ ಕಿಟಕಿಯಿಂದ ಒಳಗೆ ಎಸೆದು ಸೀಟು ಹಿಡಿಯಲು ಎಲ್ಲಕ್ಕೂ ಅದೇ ಬೇಕು. ಕಚೇರಿಯ ಹೊಸ್ತಿಲಿಗೆ ಬಂದ ಕೂಡಲೇ ಅದು ಹೆಗಲಿನಿಂದ ಇಳಿದು ಕಂಕುಳಿಗೆ ಹೋಗುತ್ತಿತ್ತು. ದೊಡ್ಡವರ ಮುಂದೆ ಹೆಗಲ ಮೇಲೆ ವಸ್ತ್ರ ಇರಕೂಡದು ಎಂಬುದು ಯಾರೂ ಬರೆಯದ ಕಾನೂನು. ಕುರ್ಚಿಯ ಹೆಗಲ ಮೇಲೆ ಟವೆಲ್ ಇರಬಹುದು, ಮನುಷ್ಯನ ಹೆಗಲ ಮೇಲೆ ಇರಬಾರದು! 1980ರ ನರಗುಂದ, ನವಲಗುಂದಗಳ ಗೋಲಿಬಾರಿನ ಬಳಿಕ ರೈತ ಸಂಘ ಎದ್ದಿತು. ಅದರ ಹೆಗಲಿಗೆ ಹಸಿರು ಟವೆಲ್ ಬಂತು. ಸಂಘದ ಮುಖಂಡರಾದ ರುದ್ರಪ್ಪ, ಸುಂದರೇಶ್, ನಂಜುಂಡಸ್ವಾಮಿಯವರ ಜೊತೆ ಆ ಟವೆಲ್ ಕಚೇರಿಗಳಿಗೆ ನುಗ್ಗಿತು. ಹೊಸ್ತಿಲು ದಾಟಿದರೂ ಹೆಗಲಿನಿಂದ ಇಳಿಯಲಿಲ್ಲ. ಅನುಮತಿ ಇಲ್ಲದೆ ಸಾಲ ವಸೂಲಿಯ ಅಧಿಕಾರಿಗಳು ಊರಿನೊಳಗೆ ಬರಕೂಡದು ಎಂಬ ಬೋರ್ಡುಗಳು ಹಳ್ಳಿ ಹಳ್ಳಿಯ ಹೆಬ್ಬಾಗಿಲಲ್ಲಿ ನಿಂತವು. ಬಟ್ಟೆಯ ಒಂದು ತುಂಡು ಕರ್ನಾಟಕದಲ್ಲಿ ಮಾಡಿದ ಕೆಲಸಗಳಲ್ಲಿ ಅದಕ್ಕಿಂತ ದೊಡ್ಡದು ನನಗೆ ಕಾಣದು. ಆಮೇಲೆ ಹಸಿರು ಶಾಲು ಮಂತ್ರಿಗಳ ಪ್ರಮಾಣವಚನಕ್ಕೂ ಬಂತು, ಚುನಾವಣೆಯ ವೇದಿಕೆಗೂ ಬಂತು. ಅಂಗಡಿಗಳಲ್ಲಿ ಡಜನ್ ಲೆಕ್ಕದಲ್ಲಿ ಸಿಗತೊಡಗಿತು. ಎಲ್ಲರಿಗೂ ಸಿಗುವ ಗುರುತನ್ನು ಹಾಕಿಕೊಂಡವನ ಗುರುತು ಸಿಗುವುದು ಕಷ್ಟ.

ಹೆಸರನ್ನೇ ನೇಯಿಸಿಕೊಂಡವರೂ ಇದ್ದಾರೆ. 2015ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ದೆಹಲಿಗೆ ಬಂದಾಗ ನಮ್ಮ ಪ್ರಧಾನಿಯವರು ತೊಟ್ಟಿದ್ದ ಸೂಟಿನ ಉದ್ದಗೆರೆಗಳೆಲ್ಲ ಅವರದೇ ಹೆಸರಿನ ಅಕ್ಷರಗಳಾಗಿದ್ದವು. ಮರುತಿಂಗಳೇ ಅದು ಸೂರತ್ತಿನಲ್ಲಿ ಹರಾಜಾಗಿ 4.31 ಕೋಟಿ ರೂಪಾಯಿಗೆ ಒಬ್ಬ ವಜ್ರದ ವ್ಯಾಪಾರಿಯ ಪಾಲಾಯಿತು. ಹಣ ಗಂಗಾ ಶುದ್ಧೀಕರಣಕ್ಕೆ ಹೋಯಿತು. ಈಜಿಪ್ಟಿನ ಹೋಸ್ನಿ ಮುಬಾರಕ್ ಅದಕ್ಕೂ ಮೊದಲೇ ಅಂಥದೊಂದನ್ನು ತೊಟ್ಟಿದ್ದರು. ನನ್ನ ಭಾವ ಈ ಸುದ್ದಿ ಕೇಳಿದಾಗ ಅಂದ ಮಾತು ಒಂದೇ: “ಹೆಸ್ರು ಬರ್ದಿರೋದನ್ನ ಕೊಂಡೋನು ಹಾಕ್ಕೊಳ್ಳೋದ್ ಹೆಂಗೆ?”

ಎದೆಯ ಮೇಲೆ ಮೊಸಳೆ ಹಾಕಿಕೊಳ್ಳುವವರಿಗೆ ಈ ಸಮಸ್ಯೆ ಇಲ್ಲ. ರೆನೆ ಲಕೋಸ್ತ್ ಎಂಬ ಫ್ರಾನ್ಸಿನ ಟೆನಿಸ್ ಆಟಗಾರನಿಗೆ ಮೊಸಳೆ ಎಂದು ಅಡ್ಡಹೆಸರಿತ್ತು. ಅವನು ತನ್ನ ಕೋಟಿನ ಮೇಲೆ ಮೊಸಳೆಯ ಚಿತ್ರ ಹೊಲಿಸಿಕೊಂಡ, 1933ರಲ್ಲಿ ಅದನ್ನೇ ಅಂಗಿಗಳ ಮೇಲೆ ಹಾಕಿ ಮಾರಲು ಕಂಪನಿ ಕಟ್ಟಿದ. ಒಬ್ಬ ಮನುಷ್ಯನ ಅಡ್ಡಹೆಸರನ್ನು ಲೋಕವೆಲ್ಲ ದುಡ್ಡು ಕೊಟ್ಟು ಎದೆಗೆ ಅಂಟಿಸಿಕೊಂಡಿತು. ಕಡೂರಿನ ಸಂತೆಯಲ್ಲೂ ಮೊಸಳೆ ಸಿಗುತ್ತದೆ. ಎರಡು ಒಗೆತಕ್ಕೆ ಬಾಲ ಬಿಡುತ್ತದೆ, ಮೂರನೆಯದಕ್ಕೆ ಹಲ್ಲಿಯಾಗುತ್ತದೆ.

ಇತ್ತ ಕಂಪನಿಗಳು ಅಚ್ಚುಕಟ್ಟು ಬಟ್ಟೆಯ ಹಟವನ್ನೂ ಬಿಡುತ್ತಿವೆ. ಟೈ ಕಟ್ಟಿಸಿ ಹೆಸರಾಗಿದ್ದ ಇನ್ಫೋಸಿಸ್ 2015ರಲ್ಲಿ ವಾರವಿಡೀ ಸಾದಾ ಉಡುಪಿಗೆ ಅಪ್ಪಣೆ ಕೊಟ್ಟಿತು. ಹಾಗೆ ಬಿಟ್ಟ ಮೇಲೆ ಬಂದದ್ದು ಕಂಪನಿಯ ಟೀ ಶರ್ಟು. ಪ್ರಾಜೆಕ್ಟ್ ಮುಗಿದರೆ ಒಂದು, ವಾರ್ಷಿಕೋತ್ಸವಕ್ಕೊಂದು, ಓಟದ ಸ್ಪರ್ಧೆಗೊಂದು. ಇವೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತವೆ ಎಂದು ತಿಳಿಯಬೇಕಾದರೆ ಸಿಂಗಟಗೆರೆಯ ಸುತ್ತಿನ ತೋಟಗಳಿಗೆ ಬರಬೇಕು. ನಮ್ಮ ಭಾವ ತೆಂಗಿನ ಬುಡಕ್ಕೆ ಗೊಬ್ಬರ ಹಾಕುವುದು ‘ನಾಳೆಯ ನಾಯಕರು’ ಎಂದು ಇಂಗ್ಲಿಷಿನಲ್ಲಿ ಬರೆದ ಅಂಗಿಯಲ್ಲಿ. ಪಕ್ಕದ ತೋಟದ ಅಜ್ಜ ಕಾಯಿ ಸುಲಿಯುವುದು ಮುಚ್ಚಿಹೋದ ಯಾವುದೋ ಕಂಪನಿಯ ಹೆಸರು ಹೊತ್ತು. ಷೇರುಪೇಟೆಯಲ್ಲಿ ಬಿದ್ದವು ಇಲ್ಲಿ ಇನ್ನೂ ಓಡಾಡುತ್ತಿವೆ. ಬಟ್ಟೆ ಒಳ್ಳೆಯದೇ, ಬೆವರು ಹೀರುತ್ತದೆ ಎಂದು ಅಜ್ಜನ ಅಭಿಪ್ರಾಯ.

ತಂಗಿಗೆ ಇದರಲ್ಲೆಲ್ಲ ಆಸಕ್ತಿಯಿಲ್ಲ ಎಂದಲ್ಲ. ಅವಳ ಬೀರುವಿನಲ್ಲಿ ಒಂದು ಮೈಸೂರು ರೇಷ್ಮೆ ಸೀರೆ ಇದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶುರು ಮಾಡಿದ ಕಾರ್ಖಾನೆಯದು. ಆ ಸೀರೆಗಳಿಗೆ ಒಂದೊಂದಕ್ಕೂ ಒಂದೊಂದು ಸಂಖ್ಯೆ ಹಾಕುತ್ತಾರೆ, ನಕಲಿ ಬರಬಾರದೆಂದು. ಮದುವೆಗಳಲ್ಲಿ ಅಕ್ಕಪಕ್ಕದವರು “ಒರಿಜಿನಲ್ಲಾ?” ಎಂದು ಮುಟ್ಟಿ ನೋಡಿದರೆ ಸೆರಗನ್ನೇನೂ ಎಳೆದುಕೊಳ್ಳುವುದಿಲ್ಲ. ಇನ್ನು ಅಟ್ಟದ ಮೇಲಿನ ಸ್ಟೀಲು ಪಾತ್ರೆಗಳು. ಎಲ್ಲದರ ಮೇಲೂ ಹೆಸರಿದೆ, ಆದರೆ ಅವಳದಲ್ಲ, ಕೊಟ್ಟವರದು. ಪಾತ್ರೆ ಅಂಗಡಿಯಲ್ಲಿ ಕರೆಂಟಿನ ಮೊಳೆಯಿಂದ ಗುರ್ ಎಂದು ಕೊರೆಸಿದ ಅಕ್ಷರಗಳು. ಯಾರು ಕೊಳಗ ಕೊಟ್ಟರು, ಯಾರು ಲೋಟದಲ್ಲಿ ಮುಗಿಸಿದರು ಎಂಬುದು ತಲೆಮಾರುಗಳಿಗೂ ಅಳಿಯದು. ನಮ್ಮೂರಿನಲ್ಲಿ ಹೆಸರು ಬರೆಸುತ್ತಿದ್ದುದು ಕೊಡುವಾಗ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ದಪ್ಪವಾಗಿ ಬರೆದು ಬೆಳಕು ಅರ್ಧ ನಿಂತುಹೋಗುವುದೂ ಇದೇ ಸಂಪ್ರದಾಯದಲ್ಲಿ. ಕವಿಗಳು ಇನ್ನೂ ಜಾಣರು. ವಚನಕಾರರು, ದಾಸರು ಕೊನೆಯಲ್ಲಿ ಅಂಕಿತ ಹಾಕಿದರೂ ದೇವರ ಹೆಸರಲ್ಲಿ ಹಾಕಿ ತಾವು ಪಾರಾದರು.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಹುಡುಗನ ಕಫ್ಫಿನ ಮೊದಲಕ್ಷರ ನನ್ನನ್ನು ಕಾಡುತ್ತಿದೆ. ಎಸ್ ಎಂದರೆ ಸಿಂಗಟಗೆರೆ. ಎನ್ ಅಪ್ಪ, ಕೆ ತಾನು. ಹಳೆಯ ಮೈಸೂರಿನವರ ಇನಿಷಿಯಲ್ಲುಗಳ ಕ್ರಮವೇ ಹಾಗೆ. ಮುಂದೆ ಊರು, ಹಿಂದೆ ಅಪ್ಪ, ಕೊನೆಯಲ್ಲಿ ನಾವು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಸಂತೇಶಿವರ ಲಿಂಗಣ್ಣಯ್ಯ ಭೈರಪ್ಪ. ನಮ್ಮ ನೆರೆಯ ಯಗಟಿಯಿಂದ ಬಂದ ಮಾಜಿ ಶಾಸಕ ವೈ.ಎಸ್.ವಿ. ದತ್ತರ ವೈ ಕೂಡ ಊರೇ. ವಿಶ್ವೇಶ್ವರಯ್ಯನವರ ಮೋಕ್ಷಗುಂಡಂ ಆಂಧ್ರದಲ್ಲಿದೆ. ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಹಿರಿಯರು ಬಿಟ್ಟು ಬಂದ ಊರು ದಿವಾನಗಿರಿಯವರೆಗೂ ಜೊತೆಗೇ ಬಂತು. ಊರಿಗಾಗಿ ಏನೂ ಮಾಡದವರೂ ಊರನ್ನು ಹೆಸರಿನ ಮುಂದೆ ಹೊತ್ತು ತಿರುಗಲೇಬೇಕಾದ ಒಳ್ಳೆಯ ಏರ್ಪಾಡು ಇದು. ಊರುಗಳಿಗೂ ಈ ಹೆಸರಿನ ಗೀಳು ಇದೆ ಅನ್ನಿ. 1865ರಲ್ಲೇ ಜಿಲ್ಲೆಯ ಕಚೇರಿ ಚಿಕ್ಕಮಗಳೂರಿಗೆ ಹೋದರೂ ಜಿಲ್ಲೆಗೆ ಕಡೂರು ಜಿಲ್ಲೆ ಎಂಬ ಹೆಸರು 1947ರವರೆಗೆ ಉಳಿದಿತ್ತು. ಎಂಬತ್ತೆರಡು ವರ್ಷ ಕಡೂರಿನವರು ಕೆಲಸಕ್ಕೆಲ್ಲ ಚಿಕ್ಕಮಗಳೂರಿಗೆ ಅಲೆದು, ಜಿಲ್ಲೆ ಮಾತ್ರ ನಮ್ಮದು ಎಂದು ಎದೆಯುಬ್ಬಿಸಿಕೊಂಡಿದ್ದರು.

ಪಾಸ್‌ಪೋರ್ಟ್ ಬಂದ ಮೇಲೆ ಈ ಅಕ್ಷರಗಳಿಗೆ ಕಂಟಕ ಬಂತು. ಅಲ್ಲಿ ಸರ್‌ನೇಮ್ ಎಂದು ಒಂದು ಖಾನೆ. ನಮ್ಮವರಿಗೆ ಅದಿಲ್ಲ. ಕೆಲವರು ಅಪ್ಪನನ್ನು ಅಲ್ಲಿ ಕೂರಿಸಿದರು. ಕೆಲವರು ಊರನ್ನು ಕೂರಿಸಿದರು. ಊರನ್ನು ಕೂರಿಸಿದವರ ಪಾಡು ಚೆಂದ. ನಮ್ಮ ಹುಡುಗನೂ ಅವರಲ್ಲೊಬ್ಬ. ಅಮೆರಿಕದ ಆಫೀಸಿನಲ್ಲಿ ಮೂರು ತಿಂಗಳಿದ್ದಾಗ ಅವನನ್ನು ಕರೆಯುತ್ತಿದ್ದುದು ‘ಮಿಸ್ಟರ್ ಸಿಂಗಟಗೆರೆ’ ಎಂದು. ವಿಮಾನ ನಿಲ್ದಾಣದ ಮೈಕಿನಲ್ಲೂ ಒಮ್ಮೆ ಊರಿನ ಹೆಸರು ಮೊಳಗಿತಂತೆ, ನಾಲ್ಕು ಕಡೆ ಮುರಿದು. “ಬೇಗ ಬಾ ಅಂತ ಊರೇ ಕೂಗಿದಂಗಾಯ್ತು ಮಾವ” ಅಂದ. ಆ ದಿನ ಅವನ ಅಂಗಿಯ ಮೇಲೆ ಏನೂ ಬರೆದಿರಲಿಲ್ಲ.

ಆದ್ದರಿಂದ ಕಫ್ಫಿನ ವಿಷಯದಲ್ಲಿ ನನ್ನ ತಕರಾರು ಇಲ್ಲ. ಕಡೂರು, ಬೀರೂರುಗಳಲ್ಲೂ ಕಂಪ್ಯೂಟರ್ ಎಂಬ್ರಾಯ್ಡರಿ ಮಾಡುವವರು ಇದ್ದಾರೆ, ಶಾಲೆಯ ಸಮವಸ್ತ್ರಕ್ಕೆ ಬ್ಯಾಡ್ಜು, ರವಿಕೆಗೆ ನವಿಲು ಹಾಕುವವರೇ. ಅಂಗಿ ಕೊಟ್ಟರೆ ಅಕ್ಷರವನ್ನೂ ಹಾಕಿಕೊಡುತ್ತಾರೆ, ಬೆಂಗಳೂರಿನ ದರದಲ್ಲಲ್ಲ. ಹಾಕಿಸುವವರು ಧಾರಾಳವಾಗಿ ಹಾಕಿಸಿ. ಎರಡೇ ಅಕ್ಷರಕ್ಕೆ ಜಾಗವಿದ್ದರೆ ಅಪ್ಪನನ್ನು ಕೇಳಿಕೊಂಡು ಅವನದನ್ನು ಬಿಡಿ, ಊರಿನದನ್ನು ಬಿಡಬೇಡಿ. ಕನ್ನಡದಲ್ಲೇ ಹಾಕಿಸಿ, ದಾರ ಸ್ವಲ್ಪ ಹೆಚ್ಚು ಹಿಡಿಯುತ್ತದೆ ಅಷ್ಟೆ. ಸಿಂಗಟಗೆರೆಯವರಾದರೆ ‘ಸಿ’ ಆದ ಮೇಲೆ ಸೊನ್ನೆ ಮರೆಯದೆ ಹಾಕಲು ಹೇಳಿ, ದುಡ್ಡು ಕೊಡುವ ಮೊದಲು ನೋಡಿಕೊಳ್ಳಿ.